ಪರದೆಯ ಮೇಲೆ ಓಡಿದ ಸಾಲುಗಳು

ಆ ಹುಡುಗಿಗೆ ನಾನು ಮೊದಲ ದಿನ ಹೇಳಿದ್ದು ಇಷ್ಟೇ: "ನಿಮ್ಮ ಕಂಪ್ಯೂಟರಿನಿಂದ ಬಂದ ಸಾಲುಗಳು ಪರದೆ ಮ್ಯಾಲೆ ಓಡೂದನ್ನ ನಾ ನೋಡಿದ ನೆನಪೈತಿ." ಹೇಳುವಾಗ ಅನುಮಾನವಿರಲಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಶುರುವಾಯಿತು.

ವಿದ್ಯಾನಗರದ ಒಂದು ಸಣ್ಣ ಕ್ಲೌಡ್ ಕಂಪನಿಯಲ್ಲಿ ನನಗೆ ಕೆಲಸ. ಊರಿನವರ ಹತ್ತಾರು ವ್ಯವಹಾರಗಳು ನಮ್ಮ ಸರ್ವರುಗಳ ಮೇಲೆ ನಡೆಯುತ್ತವೆ. ಒಂದು ಸಹಕಾರಿ ಸಂಸ್ಥೆ ತನ್ನ ನೇಮಕಾತಿ ಪರೀಕ್ಷೆಯನ್ನು ಅಲ್ಲಿಯೇ ನಡೆಸಿತು. ಆ ಹುಡುಗಿ ಮಾಳಮಡ್ಡಿಯಲ್ಲಿ ರೂಮು ಹಿಡಿದು ವರ್ಷಗಟ್ಟಲೆ ಓದಿದವಳು. ವಯಸ್ಸಿನ ಮಿತಿ ಮುಗಿಯುತ್ತ ಬಂದಿದ್ದರಿಂದ ಇದೇ ಕೊನೆಯ ಅವಕಾಶ. ಉತ್ತರಗಳನ್ನೆಲ್ಲ ತುಂಬಿ ಸಬ್ಮಿಟ್ ಒತ್ತಿದೆ, ಪರದೆ ನಿಂತುಬಿಟ್ಟಿತು ಎನ್ನುತ್ತಾಳೆ. ನಮ್ಮ ಸರ್ವರಿನಲ್ಲಿ ಉತ್ತರಗಳಿಲ್ಲ. ಅವು ಕಳೆದದ್ದು ನಮ್ಮ ಕಡೆ ಎಂದು ತೋರಿದರೆ ಮರುಪರೀಕ್ಷೆ. ಇಲ್ಲವಾದರೆ ಅವಳು ಗೈರುಹಾಜರು.

ಪರೀಕ್ಷೆ ನಡೆಯುತ್ತಿರುವಾಗಲೇ, ಒಬ್ಬರ ಪರದೆ ನಿಂತಿದೆಯೆಂದು ಪರೀಕ್ಷಾ ಕೇಂದ್ರದಿಂದ ಫೋನು ಬಂದಿತ್ತು. ಜಾಲದಲ್ಲಿ ಮಾಹಿತಿ ಪ್ಯಾಕೆಟ್ಟುಗಳೆಂಬ ಸಣ್ಣ ತುಂಡುಗಳಾಗಿ ಓಡಾಡುತ್ತದೆ; ನಮ್ಮ ವಿಭಾಗದ ಮುಖ್ಯಸ್ಥರು ಅವುಗಳನ್ನು ತೋರಿಸುವ ಸಾಧನ ತೆರೆದರು. ಒಂದೊಂದು ಪ್ಯಾಕೆಟ್ಟಿಗೆ ಒಂದೊಂದು ಸಾಲು. ನಾನು ಅವರ ಬೆನ್ನಹಿಂದೆ ನಿಂತಿದ್ದೆ. ಅವಳ ವಿಳಾಸದಿಂದ ಒಂದೇ ಸಾಲು ಕಂಡಿತೆಂದು ಅವರು ವರದಿ ಬರೆದರು: ಸಂಪರ್ಕ ತೆರೆದಿದ್ದಾರೆ, ಏನೂ ಕಳಿಸಿಲ್ಲ.

ಹಳೆಯ ಕಾಲದಲ್ಲಾದರೆ ಈ ಮಾತು ಸರಿ. ಆಗ ಒಂದು ಸರ್ವರಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವ ವರ್ಚುವಲ್ ಯಂತ್ರಗಳಿಗೆ ಪ್ಯಾಕೆಟ್ಟುಗಳನ್ನು ಹಂಚುವ ಸ್ವಿಚ್ಚು ಬರೀ ಸಾಫ್ಟ್‌ವೇರ್ ಆಗಿತ್ತು. ಎಲ್ಲವೂ ಅದರ ಕೈದಾಟಿಯೇ ಹೋಗಬೇಕು, ಪ್ರೊಸೆಸರು ಏದುಸಿರು ಬಿಡಬೇಕು. ಈಚೆಗೆ ಆ ಕೆಲಸವನ್ನು, ಸರ್ವರನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಕಾರ್ಡಿಗೇ ಇಳಿಸಿದ್ದೆವು. ಈಗ ಸಂಪರ್ಕದ ಮೊದಲ ಪ್ಯಾಕೆಟ್ಟು ಮಾತ್ರ ಸಾಫ್ಟ್‌ವೇರಿನ ತನಕ ಬರುತ್ತದೆ. ಅದು ದಾರಿ ನಿರ್ಧರಿಸಿ ಕಾರ್ಡಿಗೆ ಹೇಳುತ್ತದೆ. ಉಳಿದವು ಕಾರ್ಡಿನೊಳಗೇ ಹಾದುಹೋಗುತ್ತವೆ. ವೇಗ ಬಂತು, ಗಿರಾಕಿಗಳು ಖುಷಿಯಾದರು. ಸಾಫ್ಟ್‌ವೇರಿನ ತನಕ ಬಂದದ್ದನ್ನಷ್ಟೇ ನೋಡಬಲ್ಲ ನಮ್ಮ ಸಾಧನಕ್ಕೆ ಮಾತ್ರ ಕಣ್ಣು ಮಂಜಾಯಿತು. ಕಾರ್ಡಿನೊಳಗೆ ಪ್ಯಾಕೆಟ್ಟು ಬಿದ್ದುಹೋದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇದನ್ನೇ ಮುಖ್ಯಸ್ಥರಿಗೆ ಹೇಳಿದೆ. "ಈಗ ಎಲ್ಲಾರದೂ ಒಂದ ಸಾಲು ಕಾಣತೈತ್ರಿ. ಉತ್ತರ ಬಂದು ಮುಟ್ಟಿದವರದೂ ಒಂದ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಹೌದೇನ್ರಿ ಪ್ರೊಫೆಸರ್ರ? ಭಾಳ ಸಾಲು ಓಡಿದ್ದು ನೋಡೇನಿ ಅಂತ ಆ ಹುಡುಗಿಗೆ ಹೇಳೀರಂತಲ್ಲ. ಒಂದ ಕಾಣತೈತೋ, ಭಾಳ ಕಾಣತಾವೋ? ಯಾವುದರ ಒಂದು ಹೇಳ್ರಿ, ಅದನ್ನ ಬರೀತೇನಿ."

ಪ್ರೊಫೆಸರ್ ಎನ್ನುವುದು ಅವರು ನನ್ನ ಎಂ.ಎಸ್ಸಿ.ಗೆ ಕೊಟ್ಟ ಬಿರುದು. ಅದು ಚುಚ್ಚಲಿಲ್ಲ, ಪ್ರಶ್ನೆ ಚುಚ್ಚಿತು. ನನ್ನ ತಿಳಿವಳಿಕೆ ಸರಿಯಿದ್ದರೆ ನನ್ನ ನೆನಪು ಸುಳ್ಳು. ನೆನಪು ನಿಜವಾದರೆ ಅಂದು ಆ ಕೆಲಸ ಕಾರ್ಡಿಗೆ ಇಳಿದೇ ಇರಲಿಲ್ಲ, ಆಗ ಸಾಧನ ಎಲ್ಲವನ್ನೂ ಕಂಡಿತೆಂದಾಗುತ್ತದೆ, ಅವರ ವರದಿಗೆ ಎದುರು ನನ್ನ ನೆನಪೊಂದೇ ಉಳಿಯುತ್ತದೆ. ಕಾರ್ಡಿನ ಜಾಗ ತುಂಬಿದಾಗ ಕೆಲವು ಸಂಪರ್ಕಗಳು ಸಾಫ್ಟ್‌ವೇರಿಗೇ ಉಳಿಯುವುದುಂಟು. ಅವಳದು ಅಂಥದ್ದೇ ಆಗಿದ್ದು, ಅದರ ಸಾಲುಗಳೆಲ್ಲ ಕಂಡಿದ್ದೀತು. ನೋಡೋಣವೆಂದರೆ, ಪರೀಕ್ಷೆ ಮುಗಿದ ಮೇಲೆ ಕರಾರಿನಂತೆ ಅದು ನಡೆದ ವರ್ಚುವಲ್ ಯಂತ್ರವನ್ನು ದಾಖಲೆಗಳ ಸಮೇತ ಅಳಿಸಿದ್ದರು. ಕಾರ್ಡು ತನ್ನೊಳಗೆ ಹಾದುಹೋದ ಪ್ಯಾಕೆಟ್ಟುಗಳ ಎಣಿಕೆಯನ್ನು ಸಂಪರ್ಕ ಮುಗಿದ ಕೂಡಲೇ ಮರೆಯುತ್ತದೆ. ನನಗೆ ಕಣ್ಣು ಮುಚ್ಚಿದರೆ ಈಗಲೂ ಸಾಲುಗಳು ಓಡುತ್ತವೆ. ಆದರೆ ಅದಕ್ಕೆ ಮುಂಚೆ ನಡೆದ ಅಣಕು ಪರೀಕ್ಷೆಯ ದಿನವೂ ಇದೇ ಕುರ್ಚಿಯ ಹಿಂದೆ ನಿಂತು ಇಂಥವೇ ಸಾಲುಗಳನ್ನು ನೋಡಿದ್ದೆ. ಎರಡರಲ್ಲಿ ಯಾವುದು ಯಾವ ದಿನದ್ದು ಎಂದು ಬೇರ್ಪಡಿಸಲು ಕೂತಷ್ಟೂ ಅವು ಕಲೆತುಹೋದವು.

ಅವಳು ಮತ್ತೆ ಬಂದಳು. ಕೂರಲು ಹೇಳಿದರೂ ನಿಂತೇ ಇದ್ದಳು.

"ನೋಡೇನಿ ಅಂತ ಬರದು ಕೊಡ್ರಿ ಸರ. ಅಷ್ಟ ಸಾಕು."

"ಹಂಗ ಬರಿಯಾಕ ಆಗೂದಿಲ್ಲ. ನೀವು ಕಳಿಸಿಲ್ಲ ಅನ್ನಾಕ ಪುರಾವೆ ಇಲ್ಲ ಅಂತ ಬರದು ಸಂಸ್ಥೆಗೆ ಕಳಿಸೇನಿ."

"ನಾ ಕಳಿಸೇನಿ ಅನ್ನಾಕ?"

"ಅದಕ್ಕೂ ಇಲ್ಲ."

"ಅಂದಮ್ಯಾಲೆ ನೀವು ಬರದದ್ದೇನ್ರಿ ಸರ?" ಎಂದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದಳು. ಸಂಸ್ಥೆಯವರೂ ಹಾಗೇ ಓದಿಕೊಂಡರು. ಮುಖ್ಯಸ್ಥರ ವರದಿಯಲ್ಲಿ ಒಂದು ಖಚಿತ ಮಾತಿತ್ತು, ನನ್ನದರಲ್ಲಿ ಇರಲಿಲ್ಲ. ಗೈರುಹಾಜರಿ ಎಂದೇ ಉಳಿಯಿತು.

ಆ ಸುದ್ದಿ ಬಂದ ದಿನ ಅವಳೇ ಫೋನು ಮಾಡಿದಳು. ಜಗಳಕ್ಕೆ ಸಿದ್ಧನಾಗಿ ಎತ್ತಿಕೊಂಡೆ. ಜಗಳವಾಡಿದ್ದರೆ ನನಗೇ ಹಗುರಾಗುತ್ತಿತ್ತು.

"ಸರ, ಎಲ್ಲಾರೂ ಹಿಂಗ ಅನ್ನಾಕತ್ತಮ್ಯಾಲೆ ನನಗೂ ತಿಳೀವಲ್ದಾಗೈತ್ರಿ," ಎಂದಳು. "ಒತ್ತೇನೋ, ಒತ್ತಬೇಕು ಅನ್ನೂದ್ರಾಗ ಪರದೆ ನಿಂತಿತೋ. ಮೊದಲು ಬೆರಳಿಗೆ ನೆನಪಿತ್ತು. ನಿಮಗ ಹೆಂಗ ಅನಸ್ತೈತ್ರಿ?"

ಒತ್ತಿದ್ದೀರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವಳು ಕಾಯುತ್ತಿದ್ದಳು. "ಗೊತ್ತಿಲ್ರೀ" ಎಂದೆ.