ಬನ್ನಿಯ ಒಂಟಿ ಮುಳ್ಳು

ಚಿಂತಾಮಣಿಯ ಸಂತೆಯಲ್ಲಿ ಬದನೆಕಾಯಿಯನ್ನು ತೊಟ್ಟು ಹಿಡಿದು, ಸುತ್ತಲೂ ತಿರುಗಿಸಿ, ಹುಳುವಿನ ತೂತು ಹುಡುಕದೆ ಚೀಲಕ್ಕೆ ಹಾಕಿಕೊಂಡವನಲ್ಲ ನಾನು. ಅನುಮಾನ ನನಗೆ ಹುಟ್ಟಿನಿಂದ ಬಂದದ್ದು, ಸ್ವಾಮಿ. ಮಾರುವವಳು ನಕ್ಕರೆ ಯಾಕೆ ನಕ್ಕಳೆಂದು, ನಗದಿದ್ದರೆ ಯಾಕೆ ನಗಲಿಲ್ಲವೆಂದು ಮನೆ ಸೇರುವವರೆಗೂ ಯೋಚಿಸುತ್ತೇನೆ.

ಈ ಗುಣವೇ ಐವತ್ತರ ದಶಕದ ಕೊನೆಯಲ್ಲೊಮ್ಮೆ ನನ್ನನ್ನು ಮರದ ಬುಡದಲ್ಲಿ ತಂದು ನಿಲ್ಲಿಸಿತು. ಅಪ್ಪ ತೀರಿಕೊಂಡಿದ್ದರು. ಅವರಿಗೂ ಚಿಕ್ಕಪ್ಪನಿಗೂ ಪಾಲಾದಾಗ ಬರೆದ ಪತ್ರದಲ್ಲಿ, ದಿಬ್ಬೂರಹಳ್ಳಿಯಲ್ಲಿ ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಎಲ್ಲೆ ‘ಬನ್ನಿ ಮರ’ ಎಂದಷ್ಟೇ ಇತ್ತು. ಮುಳ್ಳಿನ ಮರಗಳೋ ಎರಡು: ನಮ್ಮ ಕಡೆಯ ಗರುಸು ದಿಣ್ಣೆಯ ಮೇಲೊಂದು, ಕೆಳಗೆ ಅವರ ಕಡೆಯ ಕೆರೆಯಂಚಿನಲ್ಲೊಂದು. ಆಡುಗಳಿಗೆಂದು ಸೊಪ್ಪು ಕಡಿದು ಕಡಿದು ಎರಡೂ ಹೂ ಕಾಯಿ ಕಾಣದ ಮೋಟುಗಳಾಗಿದ್ದವು. ಕೆಳಗಿನದು ಬನ್ನಿಯಾದರೆ ನಡುವಿನ ಹಿಪ್ಪುನೇರಳೆಯ ಪಟ್ಟಿ ನಮ್ಮದು, ಮೇಲಿನದಾದರೆ ಅವರದು.

"ನಾನು ಹೇಳಿದ್ರೆ ಆಸೆಬುರುಕ ಅಂತೀರ. ಓದಿದೋನು ನೀನು, ನೀನೇ ನೋಡಿ ಹೇಳಪ್ಪ. ನಿನ್ ಮಾತೇ ಮಾತು" ಎಂದರು ಚಿಕ್ಕಪ್ಪ.

ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾರೆಂದರೆ ಒಳಗೇನೋ ಮಸಲತ್ತಿದೆ ಎಂದುಕೊಂಡೇ ಹೋದೆ. ನೋಡಲು ಓದೇನೂ ಬೇಕಿರಲಿಲ್ಲ. "ಜಾಲಿ ಮುಳ್ಳು ಜೋಡಿ, ಬನ್ನಿ ಮುಳ್ಳು ಒಂಟಿ ಕಣೋ. ಜಾಲಿಗೆ ಕೆರೆ ಬೇಕು, ಬನ್ನಿಗೆ ಬರೀ ಬಿಸಿಲು ಸಾಕು" ಎಂದು ಅಜ್ಜಿ ಬಾಲ್ಯದಲ್ಲೇ ಹೇಳಿಕೊಟ್ಟಿದ್ದಳು. ಕೆಳಗಿನ ಮರದಲ್ಲಿ ಉದ್ದನೆಯ ಬಿಳಿ ಮುಳ್ಳು, ಜೋಡಿಜೋಡಿ. ದಿಣ್ಣೆಯದರಲ್ಲಿ ಗಿಡ್ಡ ಮುಳ್ಳು, ಒಂದೊಂದೇ. ನೀರಿನ ಸುಳಿವಿಲ್ಲದ ಆ ಗರುಸಿನಲ್ಲಿ, ಸುಡುಬೇಸಿಗೆಯಲ್ಲಿ, ಹಸಿರಾಗಿ ಚಿಗುರಿತ್ತು. ಅಯ್ಯೋ, ಪಟ್ಟಿ ಚಿಕ್ಕಪ್ಪನದೇ! ಇದು ಗೊತ್ತಿದ್ದೇ ಅವರು ನನ್ನನ್ನು ಕಳಿಸಿದ್ದಾರೆ, ನನ್ನ ಬಾಯಿಂದಲೇ ಹೇಳಿಸಿ ನನಗೆ ಟೋಪಿ ಹಾಕುತ್ತಿದ್ದಾರೆ ಎನ್ನಿಸಿತು. ನಿಜ ಹೇಳಿಸುವುದು ಟೋಪಿ ಹೇಗಾದೀತೆಂದು ಮಾತ್ರ ಆಗ ಹೊಳೆಯಲಿಲ್ಲ.

"ಕೆಳಗಿನದೇ ಬನ್ನಿ" ಎಂದುಬಿಟ್ಟೆ.

ಚಿಕ್ಕಪ್ಪ ನನ್ನ ಮುಖವನ್ನೇ ನೋಡಿ, "ಸರಿ ಬಿಡಪ್ಪ" ಎಂದರು. ವಾದಿಸಲೇ ಇಲ್ಲ. ಅದರ ಹಿಂದೇನಿದೆಯೋ ಎಂದು ಆರು ತಿಂಗಳು ಕಾದೆ. ಏನೂ ಇರಲಿಲ್ಲ.

ವಿಜಯದಶಮಿಯ ಸಂಜೆ ಊರ ಬನ್ನಿಕಟ್ಟೆಯಿಂದ ಎಲೆ ತಂದು ಹಿರಿಯರಿಗೆ ಕೊಟ್ಟು ಕಾಲು ಮುಟ್ಟುವುದು ನಮ್ಮ ರೂಢಿ. ಆ ವರ್ಷ ಚಿಕ್ಕಪ್ಪನಿಗೂ ಎಲೆಯ ಜೊತೆ ಮುಳ್ಳೂ ಇದ್ದ ಕಡ್ಡಿಯೊಂದನ್ನು ಕೊಟ್ಟೆ. ಅವರು ಕಡ್ಡಿಯ ತೊಟ್ಟು ಹಿಡಿದು, ನಾನು ಬದನೆಕಾಯಿ ನೋಡುವ ಹಾಗೆಯೇ ಸುತ್ತಲೂ ತಿರುಗಿಸಿದರು. ಹೆಬ್ಬೆರಳಿನಿಂದ ಮುಳ್ಳು ಮುಟ್ಟಿ ನೋಡಿದರು.

"ಇದು ಬನ್ನೀನೇ ಕಣಪ್ಪ" ಎಂದು ಕಣ್ಣಿಗೊತ್ತಿಕೊಂಡರು.

ಸಂತೆಯಲ್ಲಿ ಬದನೆಕಾಯಿಯನ್ನು ಈಗಲೂ ತಿರುಗಿಸಿಯೇ ಕೊಳ್ಳುತ್ತೇನೆ. ಆದರೆ ತೊಟ್ಟು ಹಿಡಿದಾಗಲೆಲ್ಲ ಆ ಹೆಬ್ಬೆರಳು ನೆನಪಾಗಿ ನಾಚಿಕೆಯಾಗುತ್ತದೆ. ಚಿಕ್ಕಪ್ಪ ಈಗಿಲ್ಲ. ಹಿಪ್ಪುನೇರಳೆಯ ಪಟ್ಟಿ ನನ್ನ ಹೆಸರಿನಲ್ಲೇ ಇದೆ.