ಸಾವ್ಕಾರರ ಫೋರ್ಕ್‌ಲಿಫ್ಟ್ ಎತ್ತಿದ್ದೆಲ್ಲ

ನಮ್ಮ ಅಕ್ಕಿ ಗಿರಣಿಗೆ ಭಾರ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಬಂದ ದಿನ ಅದಕ್ಕೆ ಕಾಯಿ ಒಡೆದು, ಕುಂಕುಮ ಹಚ್ಚಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟರು. ನಾನು ಹತ್ತಿ ಕೂತು ಆ ಹಣ್ಣುಗಳನ್ನು ಅಪ್ಪಚ್ಚಿ ಮಾಡಿದೆ. ಮುಂದೆ ಎಂಟು ತಿಂಗಳು ಆ ಗಾಡಿಯಿಂದ ಗಿರಣಿಗೆ ಅದಕ್ಕಿಂತ ದೊಡ್ಡ ಉಪಯೋಗವೇನೂ ಆಗಲಿಲ್ಲ.

ಗಿರಣಿ ಇರುವುದು ಸಿಂಧನೂರಿನಿಂದ ಜವಳಗೇರಾ ಕಡೆಗೆ ಹೋಗುವ ದಾರಿಯಲ್ಲಿ. ಅದುವರೆಗೆ ನಾನು ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಸಾವ್ಕಾರರು ಎಲ್ಲೋ ದೊಡ್ಡ ಗೋದಾಮಿನಲ್ಲಿ ಈ ಗಾಡಿ ನೋಡಿ ಮನಸೋತು, ಹಳೆಯದೊಂದನ್ನು ಹುಡುಕಿ ತಂದರು. ಅದರ ಎರಡು ಕಬ್ಬಿಣದ ಕೋಡುಗಳು ತೂರಬೇಕೆಂದರೆ ಚೀಲಗಳ ಕೆಳಗೆ ಸಂದಿ ಬಿಟ್ಟ ಹಲಗೆಯ ಮಣೆ ಇರಬೇಕು ಎನ್ನುವುದನ್ನು ಮಾತ್ರ ನೋಡಿಬರಲಿಲ್ಲ. ನಮ್ಮಲ್ಲಿ ಚೀಲ ಒಟ್ಟುವುದು ಬರಿ ನೆಲದ ಮೇಲೆ. ಮೊದಲ ದಿನವೇ ಮೂರು ಚೀಲ ಹರಿದು ಅಕ್ಕಿಯೆಲ್ಲ ನೆಲದ ಪಾಲಾಯಿತು.

“ಹಲಗಿ ಮಣಿ ಮಾಡಸ್ರೀ ಸಾವ್ಕಾರ್ರ” ಎಂದೆ.

“ಇಷ್ಟು ದೊಡ್ಡ ಗಾಡಿ ತಂದಮ್ಯಾಲೆ ಮತ್ತ ಕಟಗಿ ಯಾಕ ಬೇಕಲೇ?” ಎಂದರು. ಅವರ ತಲೆ ಓಡುವುದು ಅಷ್ಟು.

ಚೀಲ ಎತ್ತದಿದ್ದರೇನಂತೆ, ಗಾಡಿಗೆ ಬಿಡುವೇ ಇರಲಿಲ್ಲ. ಅದರ ಮೇಲೆ ನಿಂತು ಬ್ಯಾನರ್ ಕಟ್ಟಿದರು, ಸುಣ್ಣ ಬಳಿದರು, ಬೀದಿದೀಪದ ಬಲ್ಬು ಹಾಕಿದರು. ಮಸ್ಕಿಯಲ್ಲಿರುವ ಸಾವ್ಕಾರರ ಬೀಗರ ಮನೆಗೆ ಅದನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ, ಒಂದೇ ಒಂದು ಬೀರುವನ್ನು ಮಾಳಿಗೆಗೆ ಏರಿಸಿ ವಾಪಸ್ ಬಂದೆವು. ಲಿಂಗಸುಗೂರಿನಿಂದ ಮುಖಂಡರೊಬ್ಬರು ಬಂದಾಗ ಸೇಬಿನ ಹಾರವನ್ನು ಕೋಡಿಗೆ ತೂಗುಹಾಕಿ ಅವರ ಕೊರಳಿಗೆ ಇಳಿಸಿದೆ. ಬೇಲಿಯಲ್ಲಿ ತಲೆ ಸಿಕ್ಕಿಸಿಕೊಂಡ ಆಡಿನ ಹಾಗೆ ನಿಂತು ಅವರು ಜನಕ್ಕೆ ಕೈ ಬೀಸಿದರು. ಭಾಷಣ ಮುಗಿಯುವಷ್ಟರಲ್ಲಿ ಹಾರದಲ್ಲಿ ದಾರ ಮಾತ್ರ ಉಳಿದಿತ್ತು.

ನಮ್ಮವರೇ ಹೀಗೆ ಅಂದುಕೊಂಡಿದ್ದೆ. ಫೋನಿನಲ್ಲಿ ನೋಡಿದರೆ ಲೋಕವೆಲ್ಲ ಹೀಗೇ. ಒಂದು ದೇಶದಲ್ಲಿ ಮದುಮಗಳನ್ನು ಫೋರ್ಕ್‌ಲಿಫ್ಟಿನಲ್ಲಿ ಕೂರಿಸಿ ಕಿಟಕಿಯಿಂದ ಇಳಿಸುತ್ತಾರೆ. ಇನ್ನೊಂದರಲ್ಲಿ ಎರಡು ಗಾಡಿಗಳನ್ನು ಎದುರುಬದುರು ನಿಲ್ಲಿಸಿ ವಾದ್ಯಕ್ಕೆ ಸರಿಯಾಗಿ ಕುಣಿಸುತ್ತಾರೆ. ಮತ್ತೊಬ್ಬ ಮಹಾಶಯ ಕೋಡಿನ ತುದಿಯಿಂದ ಬಾಟಲಿಯ ಮುಚ್ಚಳ ತೆಗೆದು ಚಪ್ಪಾಳೆ ಗಿಟ್ಟಿಸುತ್ತಾನೆ. ಮಂಗ್ಯಾತನಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ಈ ವಿಡಿಯೊಗಳನ್ನು ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಹಮಾಲರ ಹಿರಿಯನಿಗೆ ತೋರಿಸುತ್ತಿದ್ದೆ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಮೂವತ್ತು ವರ್ಷ ಚೀಲ ಹೊತ್ತು ಅವನ ಬೆನ್ನು ಬಾಗಿತ್ತು. ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಹಮಾಲರಿಗೆ ಹೊತ್ತ ಚೀಲಕ್ಕಷ್ಟೇ ಕೂಲಿ, ಹೊರದಿದ್ದರೆ ಇಲ್ಲ. “ಮಗಳ ನರ್ಸಿಂಗ್ ಮುಗಿಯೂತನಕ ಈ ಬೆನ್ನು ನಡದ್ರ ಸಾಕು ನೋಡಪ, ಇನ್ನೊಂದ ವರ್ಷ” ಎನ್ನುತ್ತಿದ್ದ. ಟನ್ನುಗಟ್ಟಲೆ ಎತ್ತುವ ಗಾಡಿ ಸೇಬು ಎತ್ತಬೇಕು, ಈ ಮುದುಕ ಅಕ್ಕಿ ಹೊರಬೇಕು!

ಸಾವ್ಕಾರರ ಹುಟ್ಟುಹಬ್ಬ ಬಂತು. ಬೇಡವೆಂದಿದ್ದ ಕಟ್ಟಿಗೆ ಆಗ ಎಲ್ಲಿಂದಲೋ ಬಂತು. ಬಡಿಗ ಗಟ್ಟಿಯಾದ ಮಣೆ ಮಾಡಿದ, ಅದಕ್ಕೆ ಕೆಂಪು ಕಾರ್ಪೆಟ್ ಬಡಿದರು, ಮೇಲೆ ಮದುವೆಮನೆಯ ಬಂಗಾರದ ಬಣ್ಣದ ಕುರ್ಚಿ ಇಟ್ಟರು. ಸಾವ್ಕಾರರನ್ನು ಕೂರಿಸಿ ಮಾಳಿಗೆಯೆತ್ತರಕ್ಕೆ ಎತ್ತಿದೆ. ಅವರು ಒಂದು ಕೈಯಿಂದ ಹೂವು ಎರಚಿದರು, ಇನ್ನೊಂದು ಕೈ ಕುರ್ಚಿಯನ್ನು ಬಿಡಲೇ ಇಲ್ಲ.

ಮರುದಿನ ಕಾಕಾನ ಬೆನ್ನು ಹಿಡಿದುಕೊಂಡಿತು, ಅವನು ಕೆಲಸಕ್ಕೆ ಬರಲಿಲ್ಲ. ನನಗೆ ರೇಗಿತು. ಯಾರನ್ನೂ ಕೇಳದೆ ಕಾರ್ಪೆಟ್ ಕಿತ್ತೆಸೆದೆ. ಉಳಿದ ಹಮಾಲರು ತಮಾಷೆ ನೋಡೋಣವೆಂದು ನಗುತ್ತ ಆ ಮಣೆಯ ಮೇಲೆ ಇಪ್ಪತ್ತು ಚೀಲ ಹೇರಿದರು. ಕೋಡು ತೂರಿಸಿ ಒಂದೇ ಸಲಕ್ಕೆ ಲಾರಿಯ ಎತ್ತರಕ್ಕೆ ಎತ್ತಿದೆ. ತಿರುಗಿ ನೋಡಿದರೆ ಹಿಂದೆ ಸಾವ್ಕಾರರು. ಕಾರ್ಪೆಟ್ಟಿಗಾಗಿ ಬೈಯುತ್ತಾರೆ ಎಂದುಕೊಂಡೆ. ಬಂದು ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ವಾರದೊಳಗೆ ಹದಿನೈದು ಮಣೆ ಬಂದವು. ಅರ್ಧ ಹಮಾಲರಿಗೆ ನಾಳೆಯಿಂದ ಬರಬೇಡಿರೆಂದು ಹೇಳಿದರು. ಮೊದಲ ಹೆಸರು ಕಾಕಾನದು.

ಅವನು ಚೀಲ ಎಳೆಯುವ ತನ್ನ ಕೊಕ್ಕೆ, ಹೆಗಲಿಗೆ ಹಾಕಿಕೊಳ್ಳುವ ಗೋಣಿ ಒಯ್ಯಲು ಬಂದಾಗ ನಾನು ಗಾಡಿಯ ಮೇಲೆಯೇ ಇದ್ದೆ. ಇಳಿದು ಬಂದು ಏನೋ ಹೇಳಲು ಹೋದೆ. “ನಿನ್ನ ಬೆನ್ನು ನೋಡಲಾರದ ಮಾಡಿದ್ನಿ ಕಾಕಾ” ಎಂದೆ.

“ನನ್ನ ಬೆನ್ನು ನಿನ್ನ ಮುಂದ ಏನರ ದೂರು ಹೇಳಿತ್ತೇನಪ?” ಎಂದ ಕಾಕಾ. ಸಿಟ್ಟಿನಿಂದ ಕೇಳಲಿಲ್ಲ. ಕೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೋದ.

ಲೋಕದವರೆಲ್ಲ ಆ ಗಾಡಿಯನ್ನು ಹುಚ್ಚುಹುಚ್ಚಾಗಿ ಬಳಸುತ್ತಾರೆಂದು ಅಷ್ಟು ದಿನ ನಕ್ಕಿದ್ದೆ. ಅವರಿಂದ ಯಾರ ಅನ್ನವೂ ಹೋಗಿರಲಿಲ್ಲ. ನಮ್ಮ ಗಿರಣಿಯಲ್ಲಿ ಅದನ್ನು ಸರಿಯಾದ ಕೆಲಸಕ್ಕೆ ಹಚ್ಚಿದವನು ನಾನು.