ಉರಿ ಇಳಿಸುವ ಮಾತ್ರೆ

ಕೋವಿಡ್ ಗಲಾಟೆ ತಣ್ಣಗಾದ ಮಾರನೆಯ ವರ್ಷ. ಸರ್ಕಾರಿ ವೈದ್ಯನಾಗಿ ನಿವೃತ್ತನಾದ ನಾನು ಪಿರಿಯಾಪಟ್ಟಣದಲ್ಲಿ ಒಂದು ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದೆ. ಆಗ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನೂ ಬರೆಯುತ್ತೇನೆ.

ಜವರಪ್ಪ ತಂಬಾಕು ಬೆಳೆಗಾರ. ಎಲೆ ಬೇಯಿಸುವ ಗೂಡಿನ, ಅಂದರೆ ಬ್ಯಾರನ್ನಿನ, ಬೆಂಕಿ ನೋಡಿಕೊಳ್ಳುವುದರಲ್ಲಿ ಎತ್ತಿದ ಕೈ. ಹೆಂಡತಿ ಪುಟ್ಟತಾಯಮ್ಮನಿಗೆ ಅರವತ್ತಾರು. ಬೆರಳಲ್ಲಿ ಮುಟ್ಟಿಯೇ ಎಲೆಯ ಗ್ರೇಡ್ ಹೇಳುತ್ತಿದ್ದ ಹೆಂಗಸು, ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಒಂದೇ ಗುಡ್ಡೆಗೆ ಹಾಕತೊಡಗಿದ್ದರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ ಅಲ್ಜೈಮರ್ಸ್ ಅಂದಿದ್ದರು. ಆಕೆಗೆ ಸಕ್ಕರೆ ಕಾಯಿಲೆಯೂ ಇತ್ತು.

ಇದಕ್ಕೆ ಮದ್ದಿಲ್ಲವೇ ಎಂದು ಜವರಪ್ಪ ಕೇಳಿದಾಗ ನನಗೆ ಪಾಠ ಮಾಡುವ ಹುಮ್ಮಸ್ಸು ಬಂತು. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಕಸ ತೆಗೆಯುವುದು ಅವುಗಳ ಕೆಲಸ. ಈ ಕಾಯಿಲೆಯಲ್ಲಿ ಅವು ಕೆರಳಿಯೇ ಉಳಿದು ಒಳ್ಳೆಯ ನರಕೋಶಗಳಿಗೂ ಪೆಟ್ಟು ಕೊಡುತ್ತವೆ. ಇದೇ ಉರಿಯೂತ. ಅದನ್ನು ತಗ್ಗಿಸಿದರೆ ಮರೆವು ನಿಧಾನವಾದೀತೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಇಷ್ಟಕ್ಕೇ ನಿಲ್ಲಿಸದೆ, “ಬ್ಯಾರನ್ನಿನಲ್ಲಿ ಉರಿ ಜಾಸ್ತಿಯಾದರೆ ಎಲೆ ಸೀದು ಹೋಗಲ್ವಾ, ಹಾಗೆ” ಎಂದೆ. ಅವರು ತಲೆದೂಗಿದರು, ನಾನು ಬೀಗಿದೆ. ಮದ್ದು ಇನ್ನೂ ಸಿಕ್ಕಿಲ್ಲ ಎಂಬ ಮಾತನ್ನು ಅವರು ಎದ್ದು ಹೊರಟ ಮೇಲೆ, ಮುಂದಿನ ರೋಗಿಯನ್ನು ಕರೆಯುತ್ತಾ ಹೇಳಿದ್ದೆ.

ಮೂರು ತಿಂಗಳ ಬಳಿಕ ಪುಟ್ಟತಾಯಮ್ಮನನ್ನು ಆಟೋದಲ್ಲಿ ಕರೆತಂದರು. ಮುಖ ಊದಿತ್ತು. ಸಕ್ಕರೆ 486. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಏನು ಕೊಡುತ್ತಿದ್ದೀರಿ ಎಂದರೆ ಜವರಪ್ಪ ಜೇಬಿನಿಂದ ಸ್ಟೀರಾಯ್ಡ್ ಮಾತ್ರೆ ತೆಗೆದರು.

“ಮೆಡಿಕಲ್ ಶಾಪ್ನಲ್ಲಿ ಮಿದ್ಳು ಉರಿ ಇಳ್ಸೋದು ಕೊಡಿ ಅಂದೆ, ಕೊಟ್ರು. ಬ್ಯಾರನ್ ನೋಡ್ದಂಗೇ ನೋಡ್ಕಂಡೆ ಸಾ. ಎಲ್ಡ್ ಗಂಟೆಗೊಂದ್ ಸಲ ನಾನ್ಯಾರು ಅಂತ ಕೇಳೋದು. ಏಳ್ಲಿಲ್ಲ ಅಂದ್ರೆ ಉರಿ ಏರ್ಯದೆ ಅಂತ ಒಂದ್ ಮಾತ್ರೆ.”

ಬ್ಯಾರನ್ ಕಾಯುವವರು ಆಗಾಗ ಥರ್ಮಾಮೀಟರ್ ನೋಡಿ ಸೌದೆ ಹಾಕುತ್ತಾರೆ, ತೆಗೆಯುತ್ತಾರೆ. ಅದೇ ಶ್ರದ್ಧೆಯಿಂದ ಅವರು ಹೆಂಡತಿಗೆ ವಿಷ ಉಣಿಸಿದ್ದರು. ಸ್ಟೀರಾಯ್ಡ್ ಉರಿಯೂತ ತಗ್ಗಿಸುವುದು ನಿಜ. ಆದರೆ ಅದು ಮರೆವಿನ ಮದ್ದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಸಕ್ಕರೆ ಏರಿಸಿ, ಗಾಯ ಮಾಯದಂತೆ ಮಾಡುತ್ತದೆ. ಇಷ್ಟು ದಿನ ನುಂಗಿದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಹಂತಹಂತವಾಗಿ ಇಳಿಸಿ ಎಂದು ಚೀಟಿ ಬರೆದು ಮೈಸೂರಿನ ಆಸ್ಪತ್ರೆಗೆ ಕಳಿಸಿದೆ.

ಕ್ಲಿನಿಕ್ಕಿನಿಂದ ನೇರ ಆ ಮೆಡಿಕಲ್ ಶಾಪಿಗೆ ಹೋದೆ. ಡಾಕ್ಟರ ಚೀಟಿ ಇಲ್ಲದೆ ಹೇಗೆ ಕೊಟ್ಟೆ ಎಂದು ಗದರಿದೆ. ಅಂಗಡಿಯವನು ಕೈಯಲ್ಲಿದ್ದ ಫೋನ್ ತೋರಿಸಿದ. ಮೆದುಳಿನ ಉರಿಯೂತ ಇಳಿಸಿದರೆ ಮರೆವು ವಾಸಿ, ಮದ್ದು ಸಿಕ್ಕೇಬಿಟ್ಟಿತು ಎಂದು ಯಾವನೋ ಕಳಿಸಿದ ಸುದ್ದಿ. “ನೀವೂ ಅದ್ನೇ ಏಳಿದ್ರಂತಲ್ಲ ಸಾರ್” ಎಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಯಾರ ಕಪಾಳಕ್ಕೆ ಎಂದು ಯೋಚಿಸಿ ವಾಪಸಾದೆ. ದೂರು ಮಾತ್ರ ಬರೆದು ಕೊಟ್ಟೆ.

ಪುಟ್ಟತಾಯಮ್ಮನ ಜೀವ ಉಳಿಯಿತು, ಎರಡು ಬೆರಳು ತೆಗೆದರು. ಆರು ವಾರದ ಮೇಲೆ ಬಂದ ಜವರಪ್ಪನನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಬೈರಿ ಸಾ, ಬೈಸ್ಕತೀನಿ. ಕಾಯ್ಲೆ ಎಂಗೆ ಅಂತ ನನ್ನಂತೋನ್ಗೂ ತಿಳಿಯಂಗೆ ಏಳಿದ್ರಿ. ಮದ್ದಿಲ್ಲ ಅನ್ನದ್ನೂ ಅಂಗೇ ಏಳ್ಬೇಕಿತ್ತು ಕಣ್ರೀ.”

ಈಗ ಮರೆವಿನವರನ್ನು ಯಾರು ಕರೆತಂದರೂ ನನ್ನ ಮೊದಲ ಮಾತೇ, ಈ ಮರೆವನ್ನು ವಾಸಿ ಮಾಡುವ ಮದ್ದು ಇನ್ನೂ ಇಲ್ಲ ಎಂಬುದು. ಅದನ್ನು ಅವರ ಬಾಯಲ್ಲೂ ಒಮ್ಮೆ ಹೇಳಿಸುತ್ತೇನೆ. ಕೇಳಿ ಅಳುವವರಿದ್ದಾರೆ, ನನಗೆ ಶಾಪ ಹಾಕಿ ಬೇರೆ ಡಾಕ್ಟರ ಹತ್ತಿರ ಹೋದವರೂ ಇದ್ದಾರೆ. ಹೋಗಲಿ. ಇಷ್ಟನ್ನು ನಾನು ಕಲಿಯಲು ಎರಡು ಬೆರಳು ಹೋದವು, ಅವು ನನ್ನವಲ್ಲ.